ಕಣ್ಣು ಮಿಟುಕಿಸದ ಬುಡ್ಡಿ

ನವೆಂಬರ್ ಹನ್ನೆರಡು, ಬುಧವಾರ, ಬೆಳಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಣ್ಣುಮಗಳ ಒಂದು ಕಾಲಲ್ಲಿ ಕಪ್ಪು ಚಪ್ಪಲಿ, ಇನ್ನೊಂದರಲ್ಲಿ ಕಂದು ಚಪ್ಪಲಿ. ಅದನ್ನು ಮೊದಲು ಗಮನಿಸಿದವರು ಹೆಡ್ ಕಾನ್‌ಸ್ಟೆಬಲ್ ಆಂಜಿನಪ್ಪ. ಗಾಬರಿಯಲ್ಲಿ ಬಂದವರನ್ನು ಮೊದಲು ಕೂರಿಸಿ ನೀರು ಕೊಡಬೇಕು ಅನ್ನುವುದು ಅವರ ಇಪ್ಪತ್ತಾರು ವರ್ಷದ ಸರ್ವಿಸಿನ ಪಾಠ. ಕೂರಿಸಿದರು, ನೀರು ಕೊಟ್ಟರು, ಪೆನ್ನು ತೆಗೆದರು.

"ಏನು ಕಳುವಾಗಿರೋದಮ್ಮ?"

"ಒಂದು ದೀಪ ಸಾರ್."

"ಹಿತ್ತಾಳೇದಾ, ಬೆಳ್ಳೀದಾ?"

"ಹರಳು. ಸೆಮಿಕಂಡಕ್ಟರ್ ಹರಳು. ಪೆರೋವ್‌ಸ್ಕೈಟ್ ಅಂತ ಜಾತಿ."

"ಎಷ್ಟು ದೊಡ್ಡದು?"

"ಹತ್ತು ನ್ಯಾನೋಮೀಟರ್."

ಆಂಜಿನಪ್ಪ ಬರೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. "ಕೈಯಾಗೆ ತೋರ್ಸಮ್ಮ, ಇಷ್ಟಾ, ಇಷ್ಟಾ?"

"ತೋರ್ಸೋಕಾಗಲ್ಲ ಸಾರ್. ನಿಮ್ಮ ತಲೆಗೂದಲು ಒಂದನ್ನ ಅಡ್ಡ ಇಟ್ರೆ, ಅದರ ಅಗಲಕ್ಕೆ ಅಂಥವು ಎಂಟು ಸಾವಿರ ಸಾಲಾಗಿ ನಿಲ್ತವೆ."

ಆಂಜಿನಪ್ಪ ತಲೆ ಸವರಿಕೊಂಡರು. ಅಲ್ಲಿ ಉದಾಹರಣೆಗೂ ಒಂದು ಕೂದಲು ಇರಲಿಲ್ಲ. "ಮೇಡಮ್ಮೋರೇ," ಎಂದು ಒಳಕೋಣೆಯ ಕಡೆ ಕೂಗಿದರು, "ಒಸಿ ಈಚೆ ಬತ್ತೀರಾ?"

ಪಿಎಸ್‌ಐ ಶಶಿರೇಖ ಈಚೆ ಬಂದರು. ಕಾಮಸಮುದ್ರದ ಕಡೆಯ ಹಳ್ಳಿಯವರು; ಚಿನ್ನದ ಗಣಿಯ ಊರಿನ ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಹೊಲ, ಹಸು, ಗಡಿಯಾಚೆಯ ತೆಲುಗು ಎಲ್ಲ ಗೊತ್ತು; ಗಣಿ ಮಾತ್ರ ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ಅರ್ಥವಾಗದ ಮಾತನ್ನು ಅರ್ಥವಾದವರಂತೆ ಕೇಳುತ್ತಿರಲಿಲ್ಲ, ಮತ್ತೆ ಹೇಳಿಸುತ್ತಿದ್ದರು.

ದೂರುದಾರಳ ಹೆಸರು ಹರಿಪ್ರಿಯಾ, ವಯಸ್ಸು ಮೂವತ್ತೊಂದು. ಊರಿಗಾಂನಲ್ಲಿ ಹಳೆಯ ಗಣಿ ಕಂಪನಿ ಕಾಲದ ಒಂದು ಕಲ್ಲುಕಟ್ಟಡವಿದೆಯಲ್ಲ, ಅಲ್ಲಿ ಮೂರು ವರ್ಷದಿಂದ ನಡೆಯುತ್ತಿರುವ ಪ್ರಯೋಗಾಲಯದ ಸಂಶೋಧಕಿ. ಗೋಡೆ ಎರಡು ಮೊಳ ದಪ್ಪ, ನೆಲ ಅಲುಗುವುದಿಲ್ಲ, ಅದಕ್ಕೇ ಅಲ್ಲಿ. ಉಗುರಿನಷ್ಟು ಅಗಲದ ತೆಳ್ಳನೆಯ ಗಾಜಿನ ಮೇಲೆ ಈ ಹರಳುಗಳನ್ನು ಒಂದಕ್ಕೊಂದು ತಾಗದಂತೆ ದೂರದೂರ ಹರಡಿ, ನೀಲಿ ಬೆಳಕು ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವಳ ಕೆಲಸ. ಒಂದೊಂದು ಹರಳೂ ಒಂದೊಂದು ಹಸಿರು ಚುಕ್ಕಿಯಾಗಿ ಬೆಳಗುತ್ತದೆ. ಆದರೆ ಎಲ್ಲವೂ ಮಿಟುಕಿಸುತ್ತವೆ.

"ಮಿಟುಕಿಸೋದು ಯಾಕೆ?" ಶಶಿರೇಖ ಕೇಳಿದರು.

"ಒಳಗೆ ಎಲ್ಲೋ ಒಂದು ಎಲೆಕ್ಟ್ರಾನ್ ದಾರಿ ತಪ್ಪಿ ಸಿಕ್ಕಿಹಾಕಿಕೊಳ್ಳುತ್ತೆ ಮೇಡಮ್. ಆಗ ಬೆಳಕಾಗಬೇಕಾದ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತೆ, ದೀಪ ಆರುತ್ತೆ. ಅದು ಬಿಡಿಸಿಕೊಂಡ್ರೆ ಮತ್ತೆ ಹತ್ತುತ್ತೆ."

"ನಮ್ಮೂರ ಕರೆಂಟು ಇದ್ದಂಗೆ," ಅಂದರು ಆಂಜಿನಪ್ಪ.

"ಹೂಂ ಸಾರ್, ಹಂಗೇ. ಹನ್ನೊಂದು ತಿಂಗಳಲ್ಲಿ ಸಾವಿರಾರು ಹರಳು ನೋಡಿದೀನಿ. ಅದರಲ್ಲಿ ಒಂದು ಮಾತ್ರ ಮಿಟುಕಿಸಲಿಲ್ಲ. ಗಂಟೆಗಟ್ಟಲೆ ನೋಡಿದ್ರೂ ಹಂಗೇ ಉರೀತಿರುತ್ತೆ. ನಾವು ಅದನ್ನ ಬುಡ್ಡಿ ಅಂತ ಕರೀತೀವಿ." ಅವಳು ನೀರಿನ ಲೋಟ ಕೆಳಗಿಟ್ಟಳು. "ಆ ಗಾಜು ಒಂದು ಪುಟ್ಟ ಅಲ್ಯೂಮಿನಿಯಂ ಡಬ್ಬಿಯಲ್ಲಿತ್ತು. ಡಬ್ಬಿ ಸಮೇತ ಇಲ್ಲ."

ಶುಕ್ರವಾರ ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಸಮಿತಿ ಬರುವುದಿತ್ತು. ಬುಡ್ಡಿಯನ್ನು ಕಣ್ಣಾರೆ ಕಂಡರೆ ಕೆಲಸ ಮುಂದುವರಿಯುತ್ತದೆ. ಕಾಣದಿದ್ದರೆ ಪ್ರಯೋಗಾಲಯ ಮುಚ್ಚಿ ಯಂತ್ರಗಳು ಬೇರೆ ಊರಿಗೆ. ಸಾಲದ್ದಕ್ಕೆ ಈ ಹರಳಿಗೆ ತೇವ ಆಗಿಬರುವುದಿಲ್ಲ. ಹೊರಗೆ ಎರಡು ದಿನದಿಂದ ಸೋನೆ ಹಿಡಿದಿತ್ತು.

"ನೀರು ತಾಗಿದ್ರೆ?"

"ಸತ್ತು ಹೋಗುತ್ತೆ ಮೇಡಮ್. ಬರೀ ಥಂಡಿ ಗಾಳಿಯಲ್ಲಿಟ್ರೂ ಮೂರ್ನಾಲ್ಕು ದಿನ ತಡೆಯೋದು ಕಷ್ಟ. ಇನ್ನು ನಲವತ್ತೊಂಬತ್ತು ಗಂಟೆ ಇದೆ."

"ಬೀಗದ ಕೈ ಯಾರ್ಯಾರ ಹತ್ರ?"

"ನನ್ನ ಹತ್ರ ಒಂದು. ಮುನೀಂದ್ರಪ್ಪನ ಹತ್ರ ಒಂದು, ನಮ್ಮ ಅಟೆಂಡರು. ಅವರ ಹೆಸರು ಬರೀಬೇಡಿ ಮೇಡಮ್. ನಾನು ಊಟ ಬಿಟ್ರೆ ಬೈಯೋ ಮನುಷ್ಯ ಅವರು."

"ಊಟ ಬಿಟ್ರೆ ಬೈಯೋದು ಕಾನೂನಲ್ಲಿ ರಿಯಾಯಿತಿ ಅಲ್ಲಮ್ಮ," ಅಂದರು ಶಶಿರೇಖ, ಆದರೆ ಮೆಲ್ಲಗೆ. ಹತ್ತೂವರೆಗೆ ಕಳವು ಪ್ರಕರಣದ ಎಫ್‌ಐಆರ್ ದಾಖಲಾಯಿತು. ಕಳುವಾದ ಸ್ವತ್ತಿನ ಅಳತೆಯ ಕಾಲಮ್ಮಿನಲ್ಲಿ ಆಂಜಿನಪ್ಪ ಬಹಳ ಯೋಚಿಸಿ, "ಡಬ್ಬಿ ಎರಡು ಅಂಗುಲ, ಒಳಗಿನದು ಕಣ್ಣಿಗೆ ಕಾಣುವುದಿಲ್ಲ" ಎಂದು ಬರೆದರು.

ಹನ್ನೊಂದೂ ಕಾಲಿಗೆ ಸ್ಥಳಕ್ಕೆ ಹೋದರು. ಎದುರಿನ ಟೀ ಅಂಗಡಿಯವರನ್ನೂ ಒಬ್ಬ ಆಟೋದವರನ್ನೂ ಪಂಚರಾಗಿ ಕರೆದರು. ಬಾಗಿಲ ಬೀಗ ಒಡೆದಿರಲಿಲ್ಲ, ಕಿಟಕಿ ಸರಳು ಬಾಗಿರಲಿಲ್ಲ. ಒಳಗೆ ಗಾಳಿಯಾಡದ ಗಾಜಿನ ಪೆಟ್ಟಿಗೆಯೊಂದಿತ್ತು. ಅದರ ತಳದಲ್ಲಿ ನೀಲಿ ಮಣಿಗಳು. ಒಣಗಿದ್ದಾಗ ನೀಲಿ, ತೇವ ಹೀರಿದರೆ ಗುಲಾಬಿ ಬಣ್ಣ. ದಿನಾ ಬೆಳಗ್ಗೆ ಅವನ್ನು ಬದಲಾಯಿಸುವುದು ಮುನೀಂದ್ರಪ್ಪನ ಕೆಲಸ. ಡಬ್ಬಿ ಇದ್ದದ್ದು ಅದೇ ಪೆಟ್ಟಿಗೆಯ ಮೇಲುತಟ್ಟೆಯಲ್ಲಿ. ಮಂಗಳವಾರ ಸಂಜೆ ಐದೂವರೆಗೆ ಹರಿಪ್ರಿಯಾ ಇಟ್ಟಿದ್ದಳು. ಬುಧವಾರ ಎಂಟೂ ಕಾಲಿಗೆ ಇರಲಿಲ್ಲ.

ಮುನೀಂದ್ರ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಅರವತ್ತಾರು ವರ್ಷ, ಗಟ್ಟಿ ಮೈಕಟ್ಟು, ಗಣಿ ಮುಚ್ಚುವ ತನಕ ಭೂಮಿಯೊಳಗೆ ದುಡಿದವನು.

"ನಿನ್ನೆ ಬಾಗಿಲು ಹಾಕಿದ್ದು ಯಾರು?"

"ನಾನೇ ಮೇಡಮ್. ಆರು ಗಂಟೆಗೆ."

"ಇವತ್ತು ತೆಗೆದಿದ್ದು?"

"ನಾನೇ. ಎಂಟಕ್ಕೆ."

"ಮಧ್ಯೆ ಯಾರಾದರೂ ಬಂದ್ರಾ?"

"ಒರಗಿನೋರು ಒಬ್ಬರೂ ಬಂದಿಲ್ಲ."

"ಯಾರೂ ಏನೂ ತಗೊಂಡು ಹೋಗಿಲ್ವಾ?"

"ಗುರುತು ಇಡದೆ ಇಲ್ಲಿಂದ ಒಂದು ಸೂಜೀನೂ ಆಚೆ ಓಗಲ್ಲ ಮೇಡಮ್. ಬೋರ್ಡ್ ನೋಡಿ ಬೇಕಾದ್ರೆ."

ಶಶಿರೇಖ ಬೋರ್ಡ್ ನೋಡಿದರು. ಗೋಡೆಗೆ ಬಡಿದ ಹಲಗೆ, ಅದರಲ್ಲಿ ಆರು ಕೊಕ್ಕೆ. ಐದರಲ್ಲಿ ಬೀಗದ ಕೈಗಳು, ಆರನೆಯದರಲ್ಲಿ ಹಿತ್ತಾಳೆಯದೊಂದು ಬಿಲ್ಲೆ. ಬೀಗದ ಕೈಗಳೆಲ್ಲ ಸರಿಯಾಗಿದ್ದವು. ಅವರು ತಲೆಯಾಡಿಸಿದರು. ಆಮೇಲೆ ಎಷ್ಟೋ ದಿನ ಆ ತಲೆಯಾಡಿಸಿದ್ದನ್ನು ನೆನೆದು ಅವರು ಒಬ್ಬರೇ ನಗುವುದಿತ್ತು.

ಹನ್ನೆರಡಕ್ಕೆ ಮುನೀಂದ್ರ ಎಂದಿನಂತೆ ನೈಟ್ರೋಜನ್ ಸಿಲಿಂಡರ್ ತರಲು ಟೆಂಪೋ ಹತ್ತಿ ಬಂಗಾರಪೇಟೆಗೆ ಹೋದ. ಅವನು ಹೋದ ಮೇಲೆ ಹರಿಪ್ರಿಯಾಗೆ ಒಂದು ಮಾತು ನೆನಪಾಯಿತು.

"ಮಂಗಳವಾರ ನನ್ನ ಕೈತಪ್ಪಿ ಒಂದಿಷ್ಟು ಹರಳಿನ ಅಂಟು ಡಬ್ಬಿ ಮೇಲೆ ಚೆಲ್ಲಿತ್ತು ಮೇಡಮ್. ಒರೆಸಿದೆ. ಆದ್ರೆ ಅದು ಪೂರ್ತಿ ಹೋಗಲ್ಲ. ಮುಟ್ಟಿದವರ ಬೆರಳಿಗೆ ಹತ್ತಿರುತ್ತೆ. ಬರಿಗಣ್ಣಿಗೆ ಕಾಣಲ್ಲ, ಅತಿನೇರಳೆ ಬೆಳಕಿಗೆ ಹಸಿರಾಗಿ ಹೊಳೆಯುತ್ತೆ. ಒಂದೊಂದು ಹರಳಾದ್ರೆ ಕಾಣದು, ಅಂಟಿನಲ್ಲಿ ಕೋಟಿಗಟ್ಟಲೆ ಇರ್ತವೆ."

"ಅತಿನೇರಳೆ ಅಂದ್ರೆ, ಖೋಟಾ ನೋಟು ನೋಡೋ ಲೈಟಾ?" ಆಂಜಿನಪ್ಪ ಆಗಲೇ ಜೀಪಿನ ಕಡೆ ನಡೆದಿದ್ದರು. ಭಾನುವಾರದ ಸಂತೆಯಲ್ಲಿ ಬಳಸಿದ ದೀಪ ಡ್ಯಾಶ್‌ಬೋರ್ಡಿನಲ್ಲೇ ಇತ್ತು.

ಕಿಟಕಿ ಮುಚ್ಚಿದರು. ಒಂದು ಗಂಟೆ ಹತ್ತು ನಿಮಿಷ. ನೇರಳೆ ಬೆಳಕು ತಟ್ಟೆಯ ಅಂಚಿಗೆ ಬಿದ್ದಾಗ ಗರಿಕೆ ಚಿಗುರಿದಂತೆ ಎಳೆ ಹಸಿರು ಹೊಳೆಯಿತು. ಟೀ ಅಂಗಡಿಯ ಪಂಚರು "ಅಬ್ಬಾ" ಅಂದರು. ಗಾಜಿನ ಪೆಟ್ಟಿಗೆಯ ಹಿಡಿಯಲ್ಲಿ ಒಂದು ಹಸಿರು. ಬಾಗಿಲಲ್ಲಿ ಇಲ್ಲ, ಕಿಟಕಿಯಲ್ಲಿ ಇಲ್ಲ. ಗೋಡೆಯ ಹಲಗೆಯ ಆರನೆಯ ಕೊಕ್ಕೆಯ ಬಳಿ ಬಂದಾಗ ಹಿತ್ತಾಳೆ ಬಿಲ್ಲೆಯ ಮೇಲೆ ಹೆಬ್ಬೆರಳಿನ ಗುರುತು ಹಸಿರಾಗಿ ಮೂಡಿತು. ಬಿಲ್ಲೆಯಲ್ಲಿ ಅಚ್ಚೊತ್ತಿದ ಸಂಖ್ಯೆ 1183.

"ಇದೇನು?"

ಹರಿಪ್ರಿಯಾ ಹತ್ತಿರ ಬಂದು ನೋಡಿದಳು. "ಗೊತ್ತಿಲ್ಲ ಮೇಡಮ್. ನಿನ್ನೆ ಇಲ್ಲಿರಲಿಲ್ಲ."

ಪಂಚನಾಮೆಯಲ್ಲಿ "ಹಿತ್ತಾಳೆಯ ದುಂಡು ಬಿಲ್ಲೆ, ಒಂದು, ಹಸಿರು ಬೆರಳಚ್ಚು ಸಹಿತ" ಎಂದು ಬರೆದು, ಫೋಟೊ ತೆಗೆದು, ಲಕೋಟೆಗೆ ಹಾಕಿ ಅರಗು ಮುದ್ರೆ ಒತ್ತಿದರು. ಡಬ್ಬಿ ಮುಟ್ಟಿದ ಕೈಯೇ ಬಿಲ್ಲೆಯನ್ನೂ ತೂಗುಹಾಕಿದೆ. ಅಷ್ಟು ಖಾತ್ರಿಯಾಯಿತು. ಕದಿಯಲು ಬಂದವನು ತನ್ನದೊಂದನ್ನು ಬಿಟ್ಟು ಹೋದದ್ದು ಯಾಕೆ ಎನ್ನುವುದು ಮಾತ್ರ ಶಶಿರೇಖರಿಗೆ ಹೊಳೆಯಲಿಲ್ಲ.

ಮೂರು ಗಂಟೆಗೆ ಆಂಡರ್ಸನ್‌ಪೇಟೆಯಲ್ಲಿ ಗುಜರಿ ಅಂಗಡಿ ವೇಣುವಿನ ಮುಂದೆ ಫೋಟೊ ಹಿಡಿದರು. ಅವನು ಎರಡು ಬೆರಳಲ್ಲಿ ಫೋನನ್ನು ದೂರ ಹಿಡಿದು ನೋಡಿದ.

"ಗಣಿಯೋರ ಟೋಕನ್ನು ಮೇಡಮ್. ನನ್ನ ಅಂಗಡೀಗೆ ಹಿತ್ತಾಳೆ ತಪ್ಲೆ ಬತ್ತದೆ, ನಲ್ಲಿ ಬತ್ತದೆ. ಇಪ್ಪತ್ನಾಕು ವರ್ಸದಾಗೆ ಇದು ಒಂದೂ ಬಂದಿಲ್ಲ. ಮನೇಲಿ ಪಾತ್ರೆ ಎಲ್ಲಾ ಮಾರಿದೋನೂ ಇದನ್ನ ಮಾರಿಲ್ಲ."

"ಯಾರದು ಅಂತ ಗೊತ್ತಾಗೋದು ಹೆಂಗೆ?"

"ಮಾರಿಯಮ್ಮನ ಇಡ್ಲಿ ಅಂಗಡೀಗೆ ಓಗಿ. ಅವರಪ್ಪ ದೀಪದ ಮನೆ ಗುಮಾಸ್ತ ಆಗಿದ್ರು. ಆಯಮ್ಮಂಗೆ ನಂಬರೆಲ್ಲ ಬಾಯಿಪಾಠ. ಬೆಳಗ್ಗೆ ಓಗಿ, ಮಧ್ಯಾಹ್ನ ಓದ್ರೆ ಬೀಗದ ಜೊತೆ ಮಾತಾಡ್ಬೇಕು."

ಗುರುವಾರ ಬೆಳಗ್ಗೆ ಏಳೂವರೆಗೆ ಇಡ್ಲಿ ಅಂಗಡಿಯ ಬೆಂಚು ತುಂಬಿತ್ತು. ಶಶಿರೇಖ ಮಫ್ತಿಯಲ್ಲಿದ್ದರೂ ಹಿಂದೆ ಆಂಜಿನಪ್ಪನ ಖಾಕಿ ಇತ್ತು. ಇಬ್ಬರು ಎದ್ದು ಜಾಗ ಬಿಟ್ಟರು. ಮಾರಿಯಮ್ಮ ಅರವತ್ತರ ಹೆಂಗಸು, ಹಣೆಯಲ್ಲಿ ದೊಡ್ಡ ಕುಂಕುಮ, ತಮಿಳು ಬೆರೆತ ಮಾತು, ಬಾಯಿಗೆ ಬಿಡುವಿಲ್ಲ.

"ವಾಂಗಮ್ಮಾ, ಕೂತ್ಕೊ ಕಣ್ಣು. ನಾಲ್ಕು ಇಡ್ಲಿ ಆಕ್ಲಾ? ದೋಸೆ ಕೇಳ್ಬೇಡ, ತವ ಇಲ್ಲ. ನಮ್ಮ ಮನೆಯವರು ಮಂಗಳವಾರದಿಂದ ತವದ ಮೇಲೆ ಎಂಥದೋ ಮಣಿ ಉರೀತಾರೆ. ಗುಲಾಬಿ ಆಕ್ತಾರೆ, ನೀಲಿ ತೆಗೀತಾರೆ. ಏನಯ್ಯಾ ಅಂದ್ರೆ, ತಿನ್ನೋದಲ್ಲ ಮುಟ್ಬೇಡ, ಇನ್ಮೇಲೆ ಆ ತವದಲ್ಲಿ ಅಡುಗೆ ಮಾಡ್ಬೇಡ ಅಂತಾರೆ. ನನ್ನ ತಾಯಿ ಕೊಟ್ಟ ತವ ಕಣಮ್ಮಾ!"

ಶಶಿರೇಖರ ಕೈಯ ಇಡ್ಲಿ ಬಾಯಿಯ ಹತ್ತಿರ ನಿಂತಿತು. ಆಂಜಿನಪ್ಪ ಕೆಮ್ಮಿದರು. ಶಶಿರೇಖ ಫೋಟೊ ತೋರಿಸಿದರು.

"ಅಯ್ಯೋ, ಅನ್ನೊಂದು ಎಂಬತ್ಮೂರು!" ಮಾರಿಯಮ್ಮನ ಮುಖ ಅರಳಿತು. "ಇದು ನಮ್ಮ ಮನೆಯವರದೇ. ಇದಕ್ಕೇ ತಾನೇ ನಾನು ಕುತ್ತಿಗೆ ಕೊಟ್ಟಿದ್ದು! ಗಣಿಗೆ ಇಳಿಯೋ ಮುಂಚೆ ದೀಪದ ಮನೇಲಿ ಟೋಕನ್ ಕೊಟ್ಟು ದೀಪ ತಗೋಬೇಕು ಕಣ್ಣು. ಮೇಲೆ ಬಂದು ದೀಪ ವಾಪಸ್ ಕೊಟ್ರೆ ಟೋಕನ್ ವಾಪಸ್. ಬೋರ್ಡ್ ಮೇಲೆ ಟೋಕನ್ ಉಳೀತು ಅಂದ್ರೆ ಆಳು ಒಳಗಿದಾನೆ ಅಂತ. ಎಂಬತ್ನಾಲ್ಕರಲ್ಲಿ ಒಂದು ದಿನ ಒಳಗೆ ಬಂಡೆ ಸಿಡೀತು. ಎಲ್ಲಾ ಬಂದ್ರು, ಶಿಫ್ಟ್ ಮುಚ್ಚಿ ಅಂದ್ರು ದೊರೆಗಳು. ನಮ್ಮಪ್ಪ ಬೋರ್ಡ್ ನೋಡಿದ್ರು. ಒಂದು ಟೋಕನ್ ಇದೆ, ಮುಚ್ಚೋಕೆ ಬಿಡಲ್ಲ ಅಂತ ಬಾಗಿಲಿಗೆ ಅಡ್ಡ ಮಲಗಿಬಿಟ್ರು. ಅದಿನಾಲ್ಕು ಗಂಟೆ ಅಗೆದು ಇವರನ್ನ ಮೇಲಕ್ಕೆ ತಂದ್ರು. ಆಮೇಲೆ, ನಾನು ಎತ್ತಿಸಿದ ಆಳು, ನೀನೇ ಇಟ್ಕೊ ಅಂತ ನನ್ನ ತಲೆಗೆ ಕಟ್ಟಿದ್ರು."

ಬೆಂಚಿನವರು ನಕ್ಕರು. ಈ ಕತೆ ಅವರಿಗೆಲ್ಲ ನೂರು ಸಲ ಕೇಳಿದ್ದು. ನಗುತ್ತಿದ್ದ ಮಾರಿಯಮ್ಮ ಮತ್ತೊಮ್ಮೆ ಫೋಟೊ ನೋಡಿದಳು. ಟೋಕನ್ ಕೊಕ್ಕೆಗೆ ನೇತಾಡುತ್ತಿತ್ತು. ಸೌಟು ಕೈಯಲ್ಲೇ ಉಳಿಯಿತು.

"ಇದು ಬೋರ್ಡ್ ಮೇಲೆ ಯಾಕಿದೆ? ಉಡಿದಾರದಲ್ಲಿ ಕಟ್ಕೊಂಡಿರ್ತಾರೆ, ಸ್ನಾನಕ್ಕೂ ಬಿಚ್ಚಲ್ಲ. ಅವರಿಗೆ ಏನಾಯ್ತಮ್ಮಾ? ಈಗ ತಾನೇ ಕೆಲಸಕ್ಕೆ ಓದ್ರಲ್ಲ!"

"ಏನೂ ಆಗಿಲ್ಲಮ್ಮ. ನಿಮ್ಮ ಮನೆಯವರ ಹೆಸರು?"

"ಮುನೀಂದ್ರ."

ಶಶಿರೇಖ ಎದ್ದರು. ಮಾರಿಯಮ್ಮ ಅವರ ಮುಖವನ್ನೂ ಆಂಜಿನಪ್ಪನ ಖಾಕಿಯನ್ನೂ ನೋಡಿದಳು. "ನಾನು ಏನೋ ಏಳ್ಬಾರದ್ದು ಏಳ್ಬಿಟ್ನಾ?" ಅಂದಳು ಮೆಲ್ಲಗೆ.

"ನೀವು ಹೇಳಿದ್ದು ಒಳ್ಳೇದೇ ಆಯ್ತು," ಅಂದರು ಶಶಿರೇಖ. ಅದು ತನಿಖಾಧಿಕಾರಿ ಸಾಕ್ಷಿಗೆ ಹೇಳುವ ಮಾತಾಗಿರಲಿಲ್ಲ.

ಒಂಬತ್ತೂ ಐದಕ್ಕೆ ಪ್ರಯೋಗಾಲಯ. ಮುನೀಂದ್ರ ಅಂಗಳ ಗುಡಿಸುತ್ತಿದ್ದ. ಜೀಪು ನಿಂತದ್ದು ಕಂಡು ಪೊರಕೆಯನ್ನು ಗೋಡೆಗೆ ಒರಗಿಸಿ, ಕೈ ತೊಳೆದು ಬಂದ.

"1183 ನಿಮ್ಮದಾ?"

"ನಂದೇ ಮೇಡಮ್."

"ನಿನ್ನೆ ಯಾಕೆ ಹೇಳಲಿಲ್ಲ?"

"ಬೋರ್ಡ್ ನೋಡಿ ಅಂದ್ನಲ್ಲ ಮೇಡಮ್. ನೀವು ನೋಡಿ ತಲೆ ಆಡ್ಸಿದ್ರಿ. ಗೊತ್ತಾಯ್ತೇನೋ ಅಂದ್ಕೊಂಡೆ."

ಆಂಜಿನಪ್ಪ ಆ ಕಡೆ ತಿರುಗಿ ಮೀಸೆ ಒರೆಸಿಕೊಂಡರು.

"ಡಬ್ಬಿ ಯಾವಾಗ ತಗೊಂಡ್ರಿ?"

"ಮಂಗಳವಾರ, ಆರಕ್ಕೆ ಐದು ನಿಮಿಷ ಇದ್ದಾಗ. ಟೋಕನ್ ಬೋರ್ಡಿಗೆ ಆಕ್ದೆ, ದೀಪ ತಗೊಂಡೆ."

"ಯಾಕೆ?"

ಆಗ ಹರಿಪ್ರಿಯಾ ಬಾಗಿಲಿಗೆ ಬಂದು ನಿಂತಿದ್ದಳು. ಇವತ್ತು ಎರಡೂ ಚಪ್ಪಲಿ ಒಂದೇ ಬಣ್ಣದವು. ಮುನೀಂದ್ರ ಅವಳನ್ನು ನೋಡದೆ ನೆಲ ನೋಡಿಕೊಂಡು ಹೇಳಿದ. ಹೋದ ವಾರ ಬೆಂಗಳೂರಿನ ದೊಡ್ಡ ಸಾರು ಶಿವಪ್ರಸಾದ್ ಫೋನು ಮಾಡಿದ್ದರು, ಎತ್ತಿದವನು ಇವನೇ. ಶುಕ್ರವಾರ ಬಂದು ನೋಡ್ತೀವಿ, ಪೆಟ್ಟಿಗೆಗಳು ಬರ್ತವೆ, ಇಳಿಸಿಕೊಳ್ಳಿ ಅಂದರು. ಸೋಮವಾರ ನಾಲ್ಕು ಖಾಲಿ ಪ್ಲೈವುಡ್ ಪೆಟ್ಟಿಗೆ ಬಂದವು.

"ಎರಡು ಸಾವಿರದ ಒಂದರಾಗೂ ಇಂಗೇ ಮೇಡಮ್. ಪಾಲಿಶ್ ಶೂ ಆಕ್ಕೊಂಡು ನೋಡೋಕೆ ಬಂದ್ರು. ನೋಡಿದ್ರು, ತಲೆ ಆಡ್ಸಿದ್ರು. ಮಾರನೇ ದಿನ ದೀಪದ ಮನೆ ಬೀರುಗಳನ್ನ ಲಾರಿಗೆ ಏರ್ಸಿದ್ರು. ದೀಪ ಓದ್ಮೇಲೆ ಗಣಿ ಎಲ್ಲೈತೆ? ಕೊನೇ ದಿನ ನಾವೆಲ್ಲ ದೀಪ ಕೊಟ್ವಿ, ಟೋಕನ್ ವಾಪಸ್ ಬಂತು. ಮತ್ತೆ ಕೊಡೋಕೆ ಮನೇನೇ ಇರ್ಲಿಲ್ಲ. ಅದಕ್ಕೇ ಈ ಸಲ ಮೊದಲೇ ದೀಪ ತಗೊಂಡು ಟೋಕನ್ ಆಕ್ಬಿಟ್ಟೆ. ಬೋರ್ಡ್ ಮೇಲೆ ಒಂದು ಟೋಕನ್ ಇರೋ ತಂಕ ಯಾವ ದೊರೆನೂ ಬಾಗಿಲು ಮುಚ್ಚೋಂಗಿಲ್ಲ. ಅದು ರೂಲು."

ಆ ರೂಲು ಈಗ ಯಾವ ಪುಸ್ತಕದಲ್ಲೂ ಇಲ್ಲ ಎಂದು ಹೇಳುವ ಧೈರ್ಯ ಶಶಿರೇಖರಿಗೂ ಬರಲಿಲ್ಲ.

"ಮುನೀಂದ್ರಪ್ಪ," ಅಂದಳು ಹರಿಪ್ರಿಯಾ, "ಅವರು ಬರ್ತಿರೋದು ಬುಡ್ಡಿ ನೋಡೋಕೆ. ನೋಡಿದ್ರೆ ಮುಚ್ಚಲ್ಲ. ನೋಡೋಕೆ ಸಿಗದಿದ್ರೆ ಮುಚ್ತಾರೆ."

ಮುನೀಂದ್ರ ಈಗ ತಲೆ ಎತ್ತಿದ. "ಮತ್ತೆ ನಂಗ್ಯಾಕಮ್ಮ ಏಳ್ಲಿಲ್ಲ?"

"ಹೇಳಿದ್ರೆ ನೀವು ನಿದ್ದೆ ಬಿಡ್ತಿದ್ರಿ. ಅದಕ್ಕೇ."

"ಏಳಿದ್ರೆ ಒಂದು ರಾತ್ರಿ ನಿದ್ದೆ ಓಗ್ತಿತ್ತು," ಅಂದ ಅವನು, ಮೆಟ್ಟಿಲ ಮೇಲೆ ಕುಸಿದು ಕೂತು. "ಈಗ ಎರಡು ಓಯ್ತು."

ಹನ್ನೊಂದೂ ಇಪ್ಪತ್ತಕ್ಕೆ ಮುನೀಂದ್ರ ತೋರಿಸಿಕೊಟ್ಟಂತೆ ಅವನ ಮನೆಯಲ್ಲಿ ಸ್ವತ್ತು ವಶಪಡಿಸಿಕೊಂಡರು. ಅಟ್ಟದ ಮೇಲೆ, ಬಿಗಿ ಮುಚ್ಚಳದ ದೊಡ್ಡ ಗಾಜಿನ ಭರಣಿ. ಅದರೊಳಗೆ ಅರ್ಧದಷ್ಟು ನೀಲಿ ಮಣಿ, ಮಣಿಗಳ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಡಬ್ಬಿ. ಬೆಳಕು ಬೀಳಬಾರದೆಂದು ಭರಣಿಗೆ ಕಪ್ಪು ಕಂಬಳಿ ಸುತ್ತಿದ್ದ. ಎಲ್ಲ ಹರಿಪ್ರಿಯಾ ಮೂರು ವರ್ಷದಲ್ಲಿ ಕಲಿಸಿದ್ದೇ. "ಇದರಲ್ಲಿ ಸೀಸ ಇದೆಯಂತೆ, ಅಡುಗೆಮನೆಗೆ ತರಬೇಡ ಅಂತ ಅಟ್ಟದ ಮೇಲಿಟ್ಟೆ," ಅಂದ. ಮಾರಿಯಮ್ಮ ಗೋಡೆಗೆ ಒರಗಿ ನಿಂತಿದ್ದಳು. "ನನ್ನ ತವ?" ಅಂತ ಮಾತ್ರ ಕೇಳಿದಳು.

ಇನ್ನು ಉಳಿದದ್ದು ಗುರುತಿಸುವ ಪಂಚನಾಮೆ. ವಶವಾದ ವಸ್ತು ಕಳುವಾದ ವಸ್ತುವೇ ಎಂದು ದೂರುದಾರರು ಪಂಚರ ಮುಂದೆ ಗುರುತಿಸಬೇಕು. ಸರವಾದರೆ ಕೊಂಡಿ ನೋಡಬಹುದು, ಹಸುವಾದರೆ ಮಚ್ಚೆ. ಇದಕ್ಕೆ ಏನು?

"ಮೂರು ಗುರುತಿವೆ," ಅಂದಳು ಹರಿಪ್ರಿಯಾ. ಗಾಜಿನ ಮೇಲೆ ಕೊರೆದ ಚೌಕಗಳಲ್ಲಿ ಅದರ ಮನೆ ಗೊತ್ತು. ಆರನೇ ಸಾಲು, ಏಳನೇ ಚೌಕ. ಹಸಿರಿನ ನಿಖರ ಛಾಯೆ ಮೊದಲೇ ಅಳೆದಿಟ್ಟದ್ದು. ಮೂರನೆಯದು ಒಂಟಿ ಹರಳಿನ ಸ್ವಭಾವ: ಅದು ಒಂದು ಸಲಕ್ಕೆ ಬೆಳಕಿನ ಒಂದೇ ಕಣವನ್ನು ಬಿಡುತ್ತದೆ. ಆ ಬೆಳಕಿನ ದಾರಿಯನ್ನು ಕವಲೊಡೆಸಿ ಎರಡು ಕಡೆ ಎರಡು ಎಣಿಕೆ ಯಂತ್ರ ಇಟ್ಟರೆ, ಎರಡೂ ಒಂದೇ ಕ್ಷಣಕ್ಕೆ ಬಡಿಯುವುದಿಲ್ಲ. ಎರಡು ಹರಳು ಅಂಟಿಕೊಂಡಿದ್ದರೆ ಆಗಾಗ ಒಟ್ಟಿಗೆ ಬಡಿಯುತ್ತವೆ.

"ಒಂದು ಬಾಗಿಲಾಗೆ ಒಬ್ಬನೇ ತೂರೋ ಅಂಗೆ," ಅಂದರು ಆಟೋದ ಪಂಚರು.

"ಬದುಕಿದ್ರೆ," ಅಂದಳು ಹರಿಪ್ರಿಯಾ.

ಎರಡೂ ಮುಕ್ಕಾಲು. ಗಾಜನ್ನು ಇಕ್ಕಳದಲ್ಲಿ ಹಿಡಿದು ಮೈಕ್ರೋಸ್ಕೋಪಿಗೆ ಏರಿಸಿ, ನೈಟ್ರೋಜನ್ ಹಾಯಿಸಿದಳು. ಕೋಣೆ ಕತ್ತಲಾಯಿತು. ಪರದೆ ಕಪ್ಪಗಿತ್ತು. ಶಶಿರೇಖ ಉಸಿರು ಬಿಗಿಹಿಡಿದಿದ್ದರು. ಕೊಲೆ ಕೇಸಿನಲ್ಲೂ ಅವರು ಹೀಗೆ ನಿಂತದ್ದಿಲ್ಲ. ನಿಧಾನವಾಗಿ ಒಂದು ಹಸಿರು ಚುಕ್ಕಿ ಹತ್ತಿತು. ಆರಿತು. ಇನ್ನೊಂದು ಹತ್ತಿತು. ಊರ ಹೊರಗಿನ ಪೊದೆಯಲ್ಲಿ ಮಿಣುಕುಹುಳ ಕೂತಂತೆ ಅಲ್ಲೊಂದು ಇಲ್ಲೊಂದು. ಅರ್ಧಕ್ಕರ್ಧ ಸತ್ತಿದ್ದವು ಎಂದಳು ಹರಿಪ್ರಿಯಾ, ಗಾಜು ಸರಿಸುತ್ತ. ಮೂರನೇ ಸಾಲು. ಐದು. ಆರನೇ ಸಾಲಿನ ಏಳನೇ ಚೌಕ ಪರದೆಗೆ ಬಂತು. ಅಲ್ಲಿ ಏನೂ ಇರಲಿಲ್ಲ.

"ಒಸಿ ಮೇಲಕ್ಕಮ್ಮ," ಹಿಂದಿನಿಂದ ಮುನೀಂದ್ರನ ದನಿ. "ಉರಿದ ಮಣಿ ಆಕಿ ಭರಣಿ ಬಿಸಿ ಇತ್ತು, ಗಾಜು ಜರುಗಿರ್ತದೆ. ಯಾವಾಗ್ಲೂ ಬೆಳಗ್ಗೆ ಮೇಲಕ್ಕೆ ತಾನೇ ನೀನು ತಿರುಗ್ಸೋದು?"

ಅವಳು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಪರದೆಯ ಮೂಲೆಯಿಂದ ಒಂದು ಹಸಿರು ಚುಕ್ಕಿ ಒಳಗೆ ಬಂತು. ಮಿಟುಕಿಸಲಿಲ್ಲ. ಒಂದು ನಿಮಿಷ. ಐದು ನಿಮಿಷ. ಪಕ್ಕದಲ್ಲಿ ಎರಡು ಎಣಿಕೆ ಯಂತ್ರಗಳು ಸರದಿಯಲ್ಲಿ ಬಡಿಯುತ್ತಿದ್ದವು, ಒಂದು ಸಲವೂ ಒಟ್ಟಿಗಲ್ಲ. ಹತ್ತು ನಿಮಿಷ ಕಳೆದ ಮೇಲೆ ಆಂಜಿನಪ್ಪ ಟಾರ್ಚು ಬೆರಳಲ್ಲಿ ಮರೆಮಾಡಿಕೊಂಡು ಬರೆದರು: "ಸದರಿ ವಸ್ತು ನಮ್ಮೆಲ್ಲರ ಸಮಕ್ಷಮ ಕಣ್ಣು ಮಿಟುಕಿಸಲಿಲ್ಲ." ಪಂಚರು ಸಹಿ ಹಾಕಿದರು; ತೇವಕ್ಕೆ ಕೆಡುವ ಸ್ವತ್ತೆಂದು ಬುಡ್ಡಿಯನ್ನು ಹರಿಪ್ರಿಯಾಳ ವಶಕ್ಕೇ ಬಿಟ್ಟರು. ಹರಿಪ್ರಿಯಾ ಕತ್ತಲಲ್ಲಿ ಮೂಗು ಒರೆಸಿಕೊಂಡದ್ದು ಎಲ್ಲರಿಗೂ ಕೇಳಿಸಿತು, ಯಾರೂ ಪಂಚನಾಮೆಗೆ ಸೇರಿಸಲಿಲ್ಲ.

"ನೋಟಿಸ್ ಕೊಟ್ಟು ಕಳಿಸಿಬಿಡೋಣ ಮೇಡಮ್," ಎಂದರು ಆಂಜಿನಪ್ಪ ಹೊರಗೆ ಬಂದ ಮೇಲೆ. "ಸ್ವತ್ತು ಸಿಕ್ತು. ಓಡೋಗೋ ಮನುಷ್ಯ ಅಲ್ಲ."

ಶಶಿರೇಖರಿಗೂ ಅದೇ ಇಷ್ಟ. ನೌಕರನೇ ಮಾಡಿದ ಕಳವು ಎಂದು ಕಲಂ ಬದಲಾದರೂ ಬಂಧನ ಕಡ್ಡಾಯವಿರಲಿಲ್ಲ. ಕೇಳಲೇಬೇಕಾದ ಒಂದು ಪ್ರಶ್ನೆ ಬಾಕಿ ಇತ್ತು.

"ಮುನೀಂದ್ರಪ್ಪ, ಬಿಟ್ಟರೆ ಮತ್ತೆ ಇಂಥ ಕೆಲಸ ಮಾಡ್ತೀರಾ?"

"ಮುಚ್ಚೋಕೆ ಬಂದ್ರೆ ತಗೋತೀನಿ ಮೇಡಮ್."

"ಮುನೀಂದ್ರಪ್ಪ!" ಅಂದಳು ಹರಿಪ್ರಿಯಾ.

"ಸುಳ್ಳು ಯಾಕೆ ಏಳ್ಲಿ? ಕೇಳಿದ್ರು, ಏಳ್ದೆ."

ಆರೋಪಿ ಮತ್ತೆ ಅದೇ ಅಪರಾಧ ಮಾಡುವ ಸಂಭವವಿದ್ದರೆ ಬಂಧಿಸಬೇಕೆನ್ನುತ್ತದೆ ಕಾನೂನು. ಆಂಜಿನಪ್ಪ ಹಣೆ ಚಚ್ಚಿಕೊಂಡರು. ಸಂಜೆ ನಾಲ್ಕೂ ಹತ್ತಕ್ಕೆ ಮುನೀಂದ್ರನನ್ನು ದಸ್ತಗಿರಿ ಮಾಡಲಾಯಿತು. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂಬ ಕಾಲಮ್ಮಿಗೆ ಅವನು ಇಬ್ಬರ ಹೆಸರು ಹೇಳಿದ. ಮೊದಲನೆಯದು ಹೆಂಡತಿಯದು. ಎರಡನೆಯದು ದೂರುದಾರಳದು.

"ಆಯಮ್ಮ ಇಲ್ಲೇ ನಿಂತವ್ಳಲ್ಲಾ," ಅಂದರು ಆಂಜಿನಪ್ಪ.

"ಇರ್ಲಿ ಬರೀರಿ. ನಾನಿಲ್ಲ ಅಂತ ಊಟ ಬಿಟ್ಟಾಳು."

ಆರು ಗಂಟೆಗೆ ಠಾಣೆಗೆ ಮಾರಿಯಮ್ಮನ ಕ್ಯಾರಿಯರ್ ಬಂತು. ನಾಲ್ಕು ಜನಕ್ಕೆ ಆಗುವಷ್ಟು ಇಡ್ಲಿ ಇತ್ತು, ಠಾಣೆಯಲ್ಲಿ ನಾಲ್ಕೇ ಜನ ಇದ್ದರು.

ಶುಕ್ರವಾರ ಹತ್ತೂವರೆಗೆ ಅವನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಹನ್ನೆರಡಕ್ಕೆ ಜಾಮೀನು ಸಿಕ್ಕಿತು. ಜಾಮೀನುದಾರನಾಗಿ ಸಹಿ ಹಾಕಿದವನು ಗುಜರಿ ವೇಣು. "ಬರಬೇಕಾದ್ದೇ ಮೇಡಮ್, ಟೋಕನ್ ಫೋಟೊ ನೋಡಿದಾಗಿಂದ ನಂಗೂ ನಿದ್ದೆ ಇಲ್ಲ," ಅಂದ. ಒಂದೂ ಇಪ್ಪತ್ತಕ್ಕೆ ಶಶಿರೇಖರ ಫೋನು ಸದ್ದು ಮಾಡಿತು. ಅವರು ಕೇಳಿಸಿಕೊಂಡು, ನ್ಯಾಯಾಲಯದ ಮೆಟ್ಟಿಲ ಮೇಲೆ ಮಾರಿಯಮ್ಮನ ಪಕ್ಕ ಕೂತಿದ್ದ ಮುನೀಂದ್ರನ ಬಳಿಗೆ ಬಂದರು.

"ಸಮಿತಿಯವರು ಮುಕ್ಕಾಲು ಗಂಟೆ ನೋಡಿದ್ರಂತೆ. ಒಂದು ವರ್ಷ ಮುಂದುವರಿಸಿದ್ದಾರೆ. ಶಿವಪ್ರಸಾದ್ ಸಾರು ಖಾಲಿ ಪೆಟ್ಟಿಗೆ ವಾಪಸ್ ತಗೊಂಡು ಹೋದ್ರಂತೆ. ಹರಿಪ್ರಿಯಾ ಕೋರ್ಟಿನಲ್ಲಿ ರಾಜಿಗೆ ಅರ್ಜಿ ಕೊಡ್ತಾರಂತೆ."

ಮುನೀಂದ್ರ ಕೇಳಿದ್ದು ಬೇರೆ. "ಬುಡ್ಡೀನ ವಾಪಸ್ ಪೆಟ್ಟಿಗೇಲಿ ಇಟ್ರಾ? ಮಣಿ ಗುಲಾಬಿ ಆಗಿರ್ತವೆ ಈಗ."

"ಇಟ್ಟಿರ್ತಾರೆ. ನಾಳೆ ನೀವೇ ಹೋಗಿ ಬದಲಾಯಿಸಿ."

"ನನ್ನ ಟೋಕನ್ನು?"

"ಅದು ಸಾಕ್ಷ್ಯ ಮುನೀಂದ್ರಪ್ಪ. ಕೇಸು ಮುಗಿಯೋ ತನಕ ಠಾಣೆಯ ಬೀರುವಿನಲ್ಲಿ ಇರುತ್ತೆ." ಶಶಿರೇಖರಿಗೆ ಹೇಳಲು ಸಂಕಟವಾಯಿತು. ಆಂಜಿನಪ್ಪ ಸ್ವತ್ತಿನ ರಸೀದಿ ಬರೆದು, ಮಡಿಸಿ, ಅವನ ಅಂಗೈಯಲ್ಲಿಟ್ಟರು. ಮುನೀಂದ್ರ ಅದನ್ನು ತಿರುವಿ ನೋಡಿ ಸೊಂಟದ ಉಡಿದಾರಕ್ಕೆ ಸಿಕ್ಕಿಸಿಕೊಂಡ. ಅವನ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ನಗು ಕಾಣಿಸಿಕೊಂಡಿತು.

"ಅಂಗಾದ್ರೆ ದೀಪ ವಾಪಸ್ ಬಂತು, ಟೋಕನ್ ವಾಪಸ್ ಬಂದಿಲ್ಲ. ರೂಲು ಪ್ರಕಾರ ನಾನಿನ್ನೂ ಒಳಗೇ ಇದೀನಿ, ಅಲ್ವಾ ಮೇಡಮ್? ಅಲ್ಲೀ ತಂಕ ಅವರು ಮುಚ್ಚೋಂಗಿಲ್ಲ."

ಶಶಿರೇಖ ಆಂಜಿನಪ್ಪನ ಕಡೆ ನೋಡಿದರು. ಆಂಜಿನಪ್ಪ ಕೇಸಿನ ಕಡತವನ್ನು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡರು.

"ಚಾರ್ಜ್‌ಶೀಟು ನಿಧಾನಕ್ಕೇ ಬರೀತೀನಿ ಬಿಡಿ ಮೇಡಮ್," ಅಂದರು. "ನನ್ನ ಅಕ್ಷರ ಒಸಿ ನಿಧಾನ."